ಸೇನೆಯಿಂದ ವಜಾ ಮತ್ತು ಬಿಡುಗಡೆ: ಮಾದಕ ವಸ್ತು ಪ್ರಕರಣಗಳಲ್ಲಿ ಮರುಪರಿಶೀಲನೆ

ಮದ್ಯ, ಗಾಂಜಾ ಅಥವಾ ಬೇರೆ ಮಾದಕ ವಸ್ತುವಿನ ಕಾರಣಕ್ಕೆ ಸೇನೆಯಿಂದ ಹೊರಬಿದ್ದ ಸೈನಿಕನು ತನ್ನ ಸೇವೆ ಮುಗಿದ ಬಗೆಯನ್ನು ಬದಲಿಸಿಕೊಡಬೇಕೆಂದು ಕೇಳುವ ಕಾನೂನಿನ ಕ್ರಮ. ಅಮೆರಿಕದಲ್ಲಿ ಇದಕ್ಕೆಂದೇ ಪ್ರತ್ಯೇಕ ಮಂಡಳಿಗಳಿದ್ದು, ಅವು ಬಿಡುಗಡೆ ಪತ್ರದ ದರ್ಜೆಯನ್ನು ಏರಿಸಿಕೊಡುತ್ತವೆ. ಭಾರತದಲ್ಲಿ ಅಂಥ ಮಂಡಳಿ ಇಲ್ಲ, ಅಂಥ ದರ್ಜೆಗಳೂ ಇಲ್ಲ. ಇಲ್ಲಿ ಸೈನಿಕನು ತನ್ನನ್ನು ಹೊರಹಾಕಿದ ಆದೇಶವನ್ನೇ ಪ್ರಶ್ನಿಸಬೇಕು. ಅದು ರದ್ದಾಗಬೇಕು, ಇಲ್ಲವೇ ವಜಾ ಎಂಬುದು ಬಿಡುಗಡೆ ಎಂದಾಗಬೇಕು. ಈ ಎರಡು ಪದಗಳ ನಡುವಿನ ಅಂತರದಲ್ಲಿ ಒಂದು ಕುಟುಂಬದ ಜೀವಮಾನದ ಪಿಂಚಣಿ ನಿಂತಿರುತ್ತದೆ.

ಈ ಅಂತರ ಎಲ್ಲ ಊರುಗಳಿಗೂ ಗೊತ್ತಿರುವುದಿಲ್ಲ. ನರಗುಂದ, ರೋಣ, ಗಜೇಂದ್ರಗಡ ತಾಲ್ಲೂಕುಗಳಿರುವ ಗದಗ ಜಿಲ್ಲೆಗೆ ಕೊಡಗಿನ ಹಾಗೆ ಸೈನಿಕರ ಸೀಮೆಯೆಂಬ ಹೆಸರಿಲ್ಲ. ನರಗುಂದವನ್ನು ಇತಿಹಾಸ ನೆನೆಯುವುದು 1858ರಲ್ಲಿ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಎದ್ದ ಬಂಡಾಯಕ್ಕಾಗಿ ಮತ್ತು 1980ರ ರೈತ ಹೋರಾಟಕ್ಕಾಗಿ. ಆದರೂ ಮಳೆ ನಂಬಿದ ಒಕ್ಕಲುತನದ ಮನೆಗಳಿಂದ ಮಿಲ್ಟ್ರಿಗೆ ಹೋಗುವ ಹುಡುಗರು ಇಲ್ಲಿ ಕಡಿಮೆಯಿಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಪಕ್ಕದ ಬೆಳಗಾವಿಯಲ್ಲೇ ಇದೆ. ಸೈನಿಕರ ಸೀಮೆಯಲ್ಲದ ಊರಿಗೆ ಒಂದು ಕಷ್ಟವುಂಟು. ಮಡಿಕೇರಿಯಲ್ಲಾದರೆ ಡಿಸ್ಚಾರ್ಜ್ ಬುಕ್ ಓದಿ ಅರ್ಥ ಹೇಳಬಲ್ಲ ನಿವೃತ್ತ ಸುಬೇದಾರರೋ ಕರ್ನಲ್ಲರೋ ಪಕ್ಕದ ಮನೆಯಲ್ಲಿ ಸಿಕ್ಕಾರು. ಇಲ್ಲಿ ಆ ಕಾಗದ ಟ್ರಂಕಿನ ತಳ ಸೇರುತ್ತದೆ. ಮನೆಯವರಿಗೆ ಗೊತ್ತಿರುವುದು ಹುಡುಗ ‘ಮಿಲ್ಟ್ರಿ ಬಿಟ್ಟು ಬಂದ’ ಎಂಬಷ್ಟೇ.

ಸೇವೆ ಮುಗಿಯುವ ಬಗೆಗಳು

ಭೂಸೇನೆಗೆ 1950ರ ಸೇನಾ ಕಾಯ್ದೆ ಮತ್ತು 1954ರ ಸೇನಾ ನಿಯಮಗಳು ಅನ್ವಯಿಸುತ್ತವೆ. ವಾಯುಪಡೆಗೆ 1950ರದೇ ಬೇರೊಂದು ಕಾಯ್ದೆ, ನೌಕಾಪಡೆಗೆ 1957ರ ಕಾಯ್ದೆ. ಸೈನಿಕನು ಹೊರಹೋಗುವ ಬಾಗಿಲು ಮುಖ್ಯವಾಗಿ ಮೂರು. ಮೊದಲನೆಯದು ವಜಾ: ಕೋರ್ಟ್ ಮಾರ್ಷಲ್ ವಿಧಿಸುವ ಶಿಕ್ಷೆಯಾಗಿ, ಅಥವಾ ಕಾಯ್ದೆಯ 20ನೇ ಕಲಮಿನಡಿ ಬ್ರಿಗೇಡ್ ಕಮಾಂಡರ್ ಮತ್ತು ಮೇಲಿನವರ ಆಡಳಿತಾತ್ಮಕ ಆದೇಶವಾಗಿ. ಎರಡನೆಯದು ಅದೇ ಕಲಮಿನಡಿ ಸೇವೆಯಿಂದ ತೆಗೆದುಹಾಕುವುದು. ಮೂರನೆಯದು ಬಿಡುಗಡೆ, ಎಂದರೆ ಡಿಸ್ಚಾರ್ಜ್. ಅವಧಿ ಮುಗಿಸಿ ಹಾರ ಹಾಕಿಸಿಕೊಂಡು ಬರುವವನದೂ ಬಿಡುಗಡೆಯೇ. 13ನೇ ನಿಯಮದ ‘ಇತರ ಎಲ್ಲ ಬಗೆಯ ಬಿಡುಗಡೆ’ ಎಂಬ ಸಾಲಿನಡಿ ‘ಸರ್ವೀಸಸ್ ನೋ ಲಾಂಗರ್ ರಿಕ್ವೈರ್ಡ್’ ಎಂದು ಬರೆಸಿಕೊಂಡು ಬರುವವನದೂ ಬಿಡುಗಡೆಯೇ. ‘ಸೇವೆ ಇನ್ನು ಬೇಕಿಲ್ಲ’ ಎಂಬ ಆ ಸೌಮ್ಯ ಮಾತಿನ ಹಿಂದೆ ಸಾಮಾನ್ಯವಾಗಿ ಶಿಸ್ತಿನ ಕಥೆಯೊಂದು ಇರುತ್ತದೆ.

ಹೊರಹೋಗುವ ಪ್ರತಿಯೊಬ್ಬ ಸೈನಿಕನಿಗೂ ಕಮಾಂಡಿಂಗ್ ಆಫೀಸರ್ ಒಂದು ಪ್ರಮಾಣಪತ್ರ ಕೊಡಬೇಕೆಂದು ಕಾಯ್ದೆಯ 23ನೇ ಕಲಮು ಹೇಳುತ್ತದೆ. ಸೇವೆ ಕೊನೆಗೊಳಿಸಿದವರು ಯಾರು, ಕಾರಣವೇನು, ಒಟ್ಟು ಸೇವೆ ಎಷ್ಟು ಎಂಬ ಮೂರು ಸಂಗತಿ ಅದರಲ್ಲಿರಬೇಕು. ಆ ಪತ್ರವು ಇಂಗ್ಲಿಷಿನ ಜೊತೆಗೆ ಸೈನಿಕನ ಮಾತೃಭಾಷೆಯಲ್ಲೂ ಇರಬೇಕೆಂದು ಕಲಮು ಸ್ಪಷ್ಟವಾಗಿ ಹೇಳಿದೆ. ನರಗುಂದದ ಸಿಪಾಯಿಗೆ ಕನ್ನಡದಲ್ಲಿ ಕಾರಣ ತಿಳಿಸುವುದು ಯಾರ ಔದಾರ್ಯವೂ ಅಲ್ಲ, ಅವನ ಹಕ್ಕು. ಈ ಹಕ್ಕನ್ನು ಕೇಳಿ ಪಡೆದವರು ವಿರಳ.

ಪಿಂಚಣಿಯ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಸಿಪಾಯಿ, ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ದರ್ಜೆಯವರಿಗೆ ಸೇವಾ ಪಿಂಚಣಿ ಸಿಗಲು ಕನಿಷ್ಠ 15 ವರ್ಷ ಸೇವೆ ಬೇಕು. 1961ರ ಸೇನಾ ಪಿಂಚಣಿ ನಿಯಮಾವಳಿಯ 113ನೇ ನಿಯಮದಂತೆ, ವಜಾ ಆದವನು ಎಷ್ಟೇ ವರ್ಷ ದುಡಿದಿದ್ದರೂ ಹಿಂದಿನ ಸೇವೆಗೆ ಪಿಂಚಣಿಯಾಗಲಿ ಗ್ರಾಚ್ಯುಟಿಯಾಗಲಿ ಇಲ್ಲ. ಅಸಾಧಾರಣ ಸಂದರ್ಭದಲ್ಲಿ ಮಾತ್ರ ರಾಷ್ಟ್ರಪತಿಗಳ ವಿವೇಚನೆಯಿಂದ ಮಂಜೂರಾಗಬಹುದು. ತೆಗೆದುಹಾಕಲ್ಪಟ್ಟವನ ಅರ್ಜಿಯನ್ನು ಪರಿಗಣಿಸಬಹುದು. ಬಿಡುಗಡೆಯಾದವನಿಗೆ ಕಾರಣ ಶಿಸ್ತುಭಂಗವೇ ಆಗಿದ್ದರೂ ಅರ್ಹತೆ ಉಳಿಯುತ್ತದೆ. ಹೀಗಾಗಿ 16 ವರ್ಷ ಸೇವೆಯಾದ ಹವಾಲ್ದಾರನೊಬ್ಬ ಕುಡಿದು ಸಿಕ್ಕಿಬಿದ್ದು ಕೋರ್ಟ್ ಮಾರ್ಷಲಿನಲ್ಲಿ ವಜಾ ಆದರೆ ಬರಿಗೈ. ಅದೇ ತಪ್ಪು ಅವನ ನಡತೆ ಹಾಳೆಯಲ್ಲಿ ಕೆಂಪು ಶಾಯಿಯ ದಾಖಲೆಯಾಗಿ ಸೇರಿ ಬಿಡುಗಡೆಯಾದರೆ ತಿಂಗಳು ತಿಂಗಳಿಗೂ ಪಿಂಚಣಿ. ತಪ್ಪು ಒಂದೇ ಇದ್ದು ಫಲ ಇಷ್ಟು ಬೇರೆಯಾಗುವುದು ಈ ವ್ಯವಸ್ಥೆಯ ದೊಡ್ಡ ದೋಷ ಎನ್ನಲೇಬೇಕು.

ತಪ್ಪು ಮತ್ತು ಅದರ ಅಳತೆ

ಸೇನಾ ಕಾಯ್ದೆಯ 48ನೇ ಕಲಮು ಅಮಲಿನಲ್ಲಿರುವುದನ್ನೇ ಅಪರಾಧ ಎನ್ನುತ್ತದೆ, ಡ್ಯೂಟಿಯ ಮೇಲಿದ್ದರೂ ಇಲ್ಲದಿದ್ದರೂ. ಸಿಪಾಯಿಗೆ ಗರಿಷ್ಠ 2 ವರ್ಷ ಜೈಲು. ಡ್ಯೂಟಿಯಲ್ಲಿ ಇಲ್ಲದಾಗ ಆದರೆ 6 ತಿಂಗಳು. ರಮ್ಮನ್ನು ಕ್ಯಾಂಟೀನಿನಲ್ಲಿ ರಿಯಾಯಿತಿ ದರಕ್ಕೆ ಕೊಡುವ ಸಂಸ್ಥೆಯೇ ಅಮಲನ್ನು ಅಪರಾಧವಾಗಿ ಕಾಣುವುದರಲ್ಲಿ ವಿರೋಧಾಭಾಸವಿದೆ ಅನ್ನಿಸಬಹುದು. ಆದರೆ ಬಂದೂಕು ಹಿಡಿದು ರಾತ್ರಿ ಕಾವಲು ನಿಲ್ಲುವವನ ವಿಷಯದಲ್ಲಿ ಕಾಯ್ದೆಯ ಈ ಬಿಗಿಗೆ ಕಾರಣವೂ ಇದೆ. ಅಮಲು ಎಂಬ ಪದ ಮದ್ಯಕ್ಕೆ ಸೀಮಿತವಲ್ಲ. ಗಾಂಜಾ, ಅಫೀಮು, ಮಾತ್ರೆ ಯಾವುದಾದರೂ ಆದೀತು. ಶಿಸ್ತಿಗೆ ಭಂಗ ತರುವ ಯಾವುದೇ ನಡತೆಗೆ ಅನ್ವಯಿಸುವ 63ನೇ ಕಲಮು ಬೇರೆ ಇದೆ. ಅದರಡಿ 7 ವರ್ಷದವರೆಗೆ ಶಿಕ್ಷೆ.

ವಸ್ತು ಇಟ್ಟುಕೊಂಡಿದ್ದರೆ, ಮಾರಿದರೆ, ಸಾಗಿಸಿದರೆ 1985ರ ಮಾದಕ ದ್ರವ್ಯ ಮತ್ತು ಅಮಲು ಪದಾರ್ಥಗಳ ಕಾಯ್ದೆ ಬರುತ್ತದೆ. ಆ ಕಾಯ್ದೆಯ ಲೆಕ್ಕದಲ್ಲಿ ಗಾಂಜಾ 1 ಕಿಲೋವರೆಗೆ ‘ಅಲ್ಪ ಪ್ರಮಾಣ’, 20 ಕಿಲೋ ದಾಟಿದರೆ ‘ವಾಣಿಜ್ಯ ಪ್ರಮಾಣ’. ಹೆರಾಯಿನ್‌ಗೆ ಈ ಅಂಕಿಗಳು 5 ಗ್ರಾಂ ಮತ್ತು 250 ಗ್ರಾಂ. ಸೇನಾ ಕಾಯ್ದೆಯ 69ನೇ ಕಲಮು ಇಂಥ ನಾಗರಿಕ ಅಪರಾಧವನ್ನೂ ಕೋರ್ಟ್ ಮಾರ್ಷಲ್ ವಿಚಾರಿಸಬಹುದು ಎನ್ನುತ್ತದೆ. ಮರುಪರಿಶೀಲನೆಗೆ ಹೋದಾಗ ಸೇದಿದವನಿಗೂ ಮಾರಿದವನಿಗೂ ನಡುವೆ ಗೆರೆ ಬೀಳುತ್ತದೆ. ಸೇದಿದವನ ಪರವಾಗಿ ಶಿಕ್ಷೆ ಹೆಚ್ಚಾಯಿತು ಎಂದು ವಾದಿಸಲು ಜಾಗವಿದೆ. ಸಹಸೈನಿಕರಿಗೆ ಮಾರಿದವನಿಗೆ ಆ ಜಾಗ ತೀರ ಕಿರಿದು.

ಸಿಪಾಯಿಗಳ ಪ್ರಕರಣ ಹೆಚ್ಚಾಗಿ ಮುಗಿಯುವುದು ‘ಸಮರಿ ಕೋರ್ಟ್ ಮಾರ್ಷಲ್’ನಲ್ಲಿ. ಇದು ಭಾರತದ ಸೇನಾ ಕಾನೂನಿನ ವಿಚಿತ್ರ ಅಂಗ. ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಜೊತೆಗೆ ಇಬ್ಬರು ಅಧಿಕಾರಿಗಳೋ ಜೆಸಿಓಗಳೋ ಕೂರುತ್ತಾರೆ, ಆದರೆ ಅವರಿಗೆ ತೀರ್ಪಿನಲ್ಲಿ ಪಾಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವರಾದರೆ 1 ವರ್ಷದವರೆಗೆ ಜೈಲು ವಿಧಿಸಬಹುದು, ವಜಾ ಮಾಡಬಹುದು. ಶಿಕ್ಷೆಗೆ ಮೇಲಿನವರ ದೃಢೀಕರಣ ಬೇಕಿಲ್ಲ, ಕೂಡಲೇ ಜಾರಿಯಾಗುತ್ತದೆ. ಆರೋಪಿಗೆ ‘ಆರೋಪಿಯ ಸ್ನೇಹಿತ’ ಎಂಬ ಸಹಾಯಕ ಸಿಗುತ್ತಾನೆ. ಅವನು ಕಿವಿಯಲ್ಲಿ ಸಲಹೆ ಹೇಳಬಹುದು, ವಾದಿಸುವಂತಿಲ್ಲ. ದಿನವೂ ಸೆಲ್ಯೂಟ್ ಹೊಡೆಯುವ ಅಧಿಕಾರಿಯ ಎದುರು ನಿಂತ ಹುಡುಗ ‘ತಪ್ಪಾಯಿತು ಸಾಬ್’ ಎಂದರೆ ಅದು ತಪ್ಪೊಪ್ಪಿಗೆಯಾಗಿ ದಾಖಲಾಗುತ್ತದೆ. ತಪ್ಪೊಪ್ಪಿಗೆಯ ಪರಿಣಾಮವನ್ನು ಆರೋಪಿಗೆ ವಿವರಿಸಬೇಕೆಂದು 115ನೇ ನಿಯಮ ಹೇಳುತ್ತದೆ. ವಿವರಿಸಿದರೋ ಇಲ್ಲವೋ, ವಿವರಿಸಿದ ಕಡೆ ಅವನ ಸಹಿ ಇದೆಯೋ ಇಲ್ಲವೋ ಎಂಬುದರ ಮೇಲೆ ಮುಂದೆ ಎಷ್ಟೋ ಪ್ರಕರಣಗಳು ಬಿದ್ದಿವೆ.

ಕೆಂಪು ಶಾಯಿ

ಎರಡನೆಯ ದಾರಿ ಕೋರ್ಟ್ ಮಾರ್ಷಲಿನದಲ್ಲ, ಕಡತದ್ದು. ಸಣ್ಣ ಅಪರಾಧಗಳಿಗೆ ಕಮಾಂಡಿಂಗ್ ಆಫೀಸರ್ 80ನೇ ಕಲಮಿನಡಿ 28 ದಿನದವರೆಗೆ ಬಂಧನ, 14 ದಿನದ ಸಂಬಳದವರೆಗೆ ದಂಡ ಮುಂತಾಗಿ ಶಿಕ್ಷೆ ಕೊಡಬಲ್ಲರು. ಇವುಗಳಲ್ಲಿ ಗಂಭೀರವಾದವು ಸೈನಿಕನ ನಡತೆ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ದಾಖಲಾಗುತ್ತವೆ. ಬ್ಯಾರಕ್ಕಿನ ಭಾಷೆಯಲ್ಲಿ ‘ರೆಡ್ ಇಂಕ್’. ನಾಲ್ಕು ರೆಡ್ ಇಂಕ್ ಬಿದ್ದರೆ ಮನೆಗೆ ಎಂಬ ಮಾತು ಸಿಪಾಯಿಗಳಲ್ಲಿ ಗಾದೆಯಷ್ಟು ಗಟ್ಟಿ. ಆದರೆ ಕಾನೂನು ಹಾಗೆ ಹೇಳುವುದಿಲ್ಲ.

1988ರ ಡಿಸೆಂಬರ್ 28ರಂದು ಸೇನಾ ಪ್ರಧಾನ ಕಚೇರಿ ಹೊರಡಿಸಿದ ಪತ್ರವೊಂದು ಈ ವಿಷಯದ ತಾಯಿಬೇರು. ನಾಲ್ಕು ಕೆಂಪು ದಾಖಲೆಗಳಾದ ಮಾತ್ರಕ್ಕೆ ಬಿಡುಗಡೆ ಕಡ್ಡಾಯವಲ್ಲ. ಪ್ರತಿ ತಪ್ಪಿನ ಸ್ವರೂಪ ನೋಡಬೇಕು. ದೀರ್ಘ ಸೇವೆ, ಕಠಿಣ ಪ್ರದೇಶದಲ್ಲಿ ದುಡಿದ ವರ್ಷಗಳನ್ನು ಗಣಿಸಬೇಕು. ಪಿಂಚಣಿಗೆ ಹತ್ತಿರವಾದವನ ಮೇಲೆ ವಿಶೇಷವಾಗಿ ಕಠೋರವಾಗಬಾರದು. ಮೊದಲು ಪ್ರಾಥಮಿಕ ವಿಚಾರಣೆ, ಆಮೇಲೆ ಶೋಕಾಸ್ ನೋಟಿಸ್ — ಇದು ಪತ್ರದ ಸಾರ. 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟ್ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಈ ಪತ್ರಕ್ಕೆ ಬಲ ತುಂಬಿತು. ಫಿರಂಗಿ ದಳದ ಆ ಸೈನಿಕನನ್ನು ಸುಮಾರು ಹನ್ನೆರಡು ವರ್ಷಗಳ ಸೇವೆಯ ಬಳಿಕ ಕೆಂಪು ದಾಖಲೆಗಳ ಆಧಾರದ ಮೇಲೆ ಬಿಡುಗಡೆ ಮಾಡಲಾಗಿತ್ತು. ಪತ್ರ ಹೇಳಿದ ವಿಚಾರಣೆ ನಡೆದಿರಲಿಲ್ಲ. ಬರಿ ನೋಟಿಸ್ ಕೊಟ್ಟರೆ ಸಾಲದು, ವಿಚಾರಣೆಯೂ ಆಗಬೇಕೆಂದ ನ್ಯಾಯಾಲಯ ಬಿಡುಗಡೆಯ ಆದೇಶವನ್ನು ರದ್ದು ಮಾಡಿತು. ಪಿಂಚಣಿಗೆ ಬೇಕಾದ ಅವಧಿ ಮುಗಿಯುವವರೆಗೆ ಅವನು ಸೇವೆಯಲ್ಲೇ ಇದ್ದನೆಂದು ಭಾವಿಸಿ ಪಿಂಚಣಿ ಕೊಡಿಸಿತು. ಹಿಂಬಾಕಿ ಸಂಬಳ ಕೊಡಲಿಲ್ಲ. ಕುಡಿತ, ರಜೆ ಮೀರಿ ಉಳಿದದ್ದು ಮುಂತಾದ ಕಾರಣಕ್ಕೆ ಹೊರಬಿದ್ದವರ ಅರ್ಜಿಗಳಲ್ಲಿ ಈ ತೀರ್ಪು ಮೊದಲ ಪುಟದಲ್ಲೇ ಕಾಣಿಸಿಕೊಳ್ಳುತ್ತದೆ.

ಶಿಕ್ಷೆ ತಪ್ಪಿಗೆ ತಕ್ಕುದಾಗಿರಬೇಕು ಎಂಬ ತತ್ತ್ವಕ್ಕೆ ಆಧಾರ ಇನ್ನೂ ಹಳೆಯದು. 1987ರ ರಂಜಿತ್ ಠಾಕೂರ್ ಪ್ರಕರಣದಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಸಿಗ್ನಲ್ ದಳದ ಸೈನಿಕನೊಬ್ಬ ಊಟ ಮಾಡು ಎಂಬ ಆಜ್ಞೆಯನ್ನು ಪಾಲಿಸಲಿಲ್ಲ ಎಂದು ಒಂದು ವರ್ಷ ಜೈಲು, ಜೊತೆಗೆ ವಜಾ ಶಿಕ್ಷೆಯಾಗಿತ್ತು. ಅವನು ಯಾರ ಮೇಲೆ ದೂರು ಕೊಟ್ಟಿದ್ದನೋ ಆ ಅಧಿಕಾರಿಯೇ ನ್ಯಾಯಪೀಠದಲ್ಲಿ ಕೂತಿದ್ದರು. ಸುಪ್ರೀಂ ಕೋರ್ಟ್ ಎರಡು ಕಾರಣಕ್ಕೂ ಆ ತೀರ್ಪನ್ನು ರದ್ದು ಮಾಡಿತು. 1991ರಲ್ಲಿ ಸರ್ದಾರ್ ಸಿಂಗ್ ಎಂಬ ನಾಯಕ್ ದರ್ಜೆಯ ಸೈನಿಕನ ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ: ರಜೆಗೆ ಊರಿಗೆ ಹೊರಟವನ ಬಳಿ ಅನುಮತಿಗಿಂತ ಹೆಚ್ಚು ರಮ್ ಬಾಟಲಿ ಸಿಕ್ಕವು, ಮೂರು ತಿಂಗಳ ಜೈಲು ಮತ್ತು ವಜಾ ಆಯಿತು. ಇಷ್ಟಕ್ಕೆ ಇಷ್ಟು ಶಿಕ್ಷೆ ಸಲ್ಲದೆಂದು ನ್ಯಾಯಾಲಯ ಶಿಕ್ಷೆಯನ್ನು ತಗ್ಗಿಸಲು ಪ್ರಕರಣವನ್ನು ವಾಪಸು ಕಳಿಸಿತು. ಇದನ್ನು ನೋಡಿ ನ್ಯಾಯಾಲಯಗಳು ಮೃದುವೆಂದು ತಿಳಿಯಬಾರದು. ರಜೆ ಮುಗಿದರೂ ತಿಂಗಳುಗಟ್ಟಲೆ ಮರಳದ ಚಾಲಕನೊಬ್ಬನ ವಜಾವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಹಳೆಯ ಕೆಂಪು ದಾಖಲೆಗಳಿದ್ದವನ ಮೇಲೆ ಕರುಣೆಯ ವಾದ ನಿಲ್ಲುವುದು ಕಷ್ಟ. ನಿಲ್ಲುವುದು ಕ್ರಮದ ಲೋಪ.

ಮನವಿಯಿಂದ ನ್ಯಾಯಮಂಡಳಿಗೆ

ಮೊದಲ ಮೆಟ್ಟಿಲು ಸೇನೆಯೊಳಗೇ ಇದೆ. ಕೋರ್ಟ್ ಮಾರ್ಷಲಿನ ವಿರುದ್ಧ 164ನೇ ಕಲಮಿನಡಿ ಮನವಿ, ಆಡಳಿತಾತ್ಮಕ ಆದೇಶದ ವಿರುದ್ಧ 26ನೇ ಕಲಮಿನಡಿ ದೂರು. ಕೋರ್ಟ್ ಮಾರ್ಷಲಿಗೆ ಸ್ವತಂತ್ರ ಮೇಲ್ಮನವಿ ಇಲ್ಲದಿರುವುದನ್ನು ಸುಪ್ರೀಂ ಕೋರ್ಟ್ 1982ರ ಪೃಥೀಪಾಲ್ ಸಿಂಗ್ ಬೇಡಿ ಪ್ರಕರಣದಲ್ಲೇ ಎತ್ತಿ ಆಡಿತ್ತು. ಕಾನೂನು ಆಯೋಗ 1999ರ ತನ್ನ 169ನೇ ವರದಿಯಲ್ಲಿ ಮೇಲ್ಮನವಿ ಮಂಡಳಿಗೆ ಶಿಫಾರಸು ಮಾಡಿತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ ಬಂದದ್ದು 2007ರಲ್ಲಿ, ಮಂಡಳಿ ಕೆಲಸ ಶುರುಮಾಡಿದ್ದು 2009ರ ಆಗಸ್ಟಿನಲ್ಲಿ. ನ್ಯಾಯಾಲಯ ಹೇಳಿದ್ದು ಆಗಲು ಇಪ್ಪತ್ತೇಳು ವರ್ಷ ಹಿಡಿಯಿತು.

ಮಂಡಳಿಯ ಪೀಠದಲ್ಲಿ ನ್ಯಾಯಾಂಗದ ಸದಸ್ಯರೊಬ್ಬರು, ಸೇನೆಯಲ್ಲಿ ಉನ್ನತ ಹುದ್ದೆಯಲ್ಲಿದ್ದವರೊಬ್ಬರು ಇರುತ್ತಾರೆ. ಸಮರಿ ಕೋರ್ಟ್ ಮಾರ್ಷಲಿನ ಶಿಕ್ಷೆ ವಜಾ ಆಗಿದ್ದರೆ ಅಥವಾ ಮೂರು ತಿಂಗಳಿಗೆ ಮೀರಿದ ಜೈಲಾಗಿದ್ದರೆ ಮಾತ್ರ ಇಲ್ಲಿ ಪ್ರವೇಶ. ನ್ಯಾಯಮಂಡಳಿ ಕಾಯ್ದೆಯ 15ನೇ ಕಲಮಿನಡಿ ಮಂಡಳಿಗೆ ಇರುವ ಅಧಿಕಾರವೇ ಭಾರತದಲ್ಲಿ ದರ್ಜೆ ಏರಿಸುವ ನಿಜವಾದ ಅಧಿಕಾರ: ಶಿಕ್ಷೆ ಅತಿಯಾಗಿದ್ದರೆ, ಅನ್ಯಾಯವಾಗಿದ್ದರೆ ಅದನ್ನು ಮನ್ನಾ ಮಾಡಬಹುದು, ತಗ್ಗಿಸಬಹುದು, ಕಡಿಮೆ ಶಿಕ್ಷೆಗೆ ಪರಿವರ್ತಿಸಬಹುದು. ವಜಾವನ್ನು ಬಿಡುಗಡೆಯಾಗಿ ಮಾರ್ಪಡಿಸಿ ಪಿಂಚಣಿಯ ಬಾಗಿಲು ತೆರೆಯುವುದು ಹೀಗೆ. ಆದರೆ ಅದೇ ಕಲಮು, ಅಹವಾಲು ಕೇಳಿದ ಮೇಲೆ ಶಿಕ್ಷೆಯನ್ನು ಹೆಚ್ಚಿಸುವ ಅಧಿಕಾರವನ್ನೂ ಕೊಟ್ಟಿದೆ. ಈ ಅಪಾಯವನ್ನು ವಕೀಲರು ಮೊದಲೇ ಹೇಳುವುದು ಒಳ್ಳೆಯದು.

ಸೇವಾ ವಿಷಯದ ಅರ್ಜಿಗೆ ಅಂತಿಮ ಆದೇಶದಿಂದ 6 ತಿಂಗಳ ಗಡುವು. ಕೊಟ್ಟ ದೂರಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ ಅಲ್ಲಿಂದ ಮತ್ತೆ ಆರು ತಿಂಗಳು. ಸಕಾರಣವಿದ್ದರೆ ವಿಳಂಬ ಮನ್ನಾ ಆಗುತ್ತದೆ. ಪಿಂಚಣಿ ಸಿಗದಿರುವುದು ತಿಂಗಳು ತಿಂಗಳೂ ಮರುಕಳಿಸುವ ಅನ್ಯಾಯವೆಂದು 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಹಾಗಾಗಿ ತಡವಾಗಿ ಬಂದವನೂ ಕೇಳಬಹುದು, ಆದರೆ ಬಾಕಿ ಸಾಮಾನ್ಯವಾಗಿ ಅರ್ಜಿಯ ಹಿಂದಿನ 3 ವರ್ಷಕ್ಕೆ ಸೀಮಿತ. ವಜಾ ಆದೇಶವನ್ನೇ ಪ್ರಶ್ನಿಸುವವನಿಗೆ ಈ ರಿಯಾಯಿತಿ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಚಟವೋ ಕಾಯಿಲೆಯೋ

ಈ ಕ್ಷೇತ್ರದ ಅತ್ಯಂತ ದುರ್ಬಲ ಭಾಗ ಇದು. ಮದ್ಯ ಅಥವಾ ಮಾದಕ ವಸ್ತುವಿನ ಅವಲಂಬನೆಯನ್ನು ವೈದ್ಯಶಾಸ್ತ್ರ ಕಾಯಿಲೆಯೆಂದು ಕಾಣುತ್ತದೆ. ಸೇನೆಯ ವೈದ್ಯರೂ ಹಾಗೇ ಕಾಣುತ್ತಾರೆ: ಇಂಥ ಸೈನಿಕನನ್ನು ಆಸ್ಪತ್ರೆಗೆ ಸೇರಿಸಿ, ಕೆಳ ವೈದ್ಯಕೀಯ ದರ್ಜೆಯಲ್ಲಿಟ್ಟು, ನಿಯತವಾಗಿ ಮರುಪರೀಕ್ಷೆ ಮಾಡುತ್ತಾರೆ. ಆದರೆ ಪಿಂಚಣಿಯ ನಿಯಮ ಬೇರೆ ಮಾತಾಡುತ್ತದೆ. 1982ರ ಅರ್ಹತಾ ನಿಯಮಗಳು ಮದ್ಯ, ತಂಬಾಕು, ಮಾದಕ ವಸ್ತುವಿನ ಅತಿಬಳಕೆಯಿಂದ ಬಂದ ಅಂಗವೈಕಲ್ಯಕ್ಕೆ ಪರಿಹಾರವಿಲ್ಲ, ಏಕೆಂದರೆ ಅದು ಸೈನಿಕನ ಹಿಡಿತದಲ್ಲೇ ಇರುವ ಸಂಗತಿ ಎಂದವು. ಸೇರುವಾಗ ಆರೋಗ್ಯವಾಗಿದ್ದವನ ಕಾಯಿಲೆಗೆ ಸೇವೆಯೇ ಕಾರಣವೆಂದು ಊಹಿಸಬೇಕು ಎಂಬ 2013ರ ಧರ್ಮವೀರ್ ಸಿಂಗ್ ತೀರ್ಪಿನ ನೆರಳು ಇಲ್ಲಿ ತಲುಪುವುದು ಕಷ್ಟ. ಸೈನಿಕನ ಕೈಯಲ್ಲಿ ಉಳಿಯುವ ವಾದ ಒಂದೇ: ಕುಡಿತಕ್ಕೆ ಮೊದಲೇ ಖಿನ್ನತೆಯೋ ಆಘಾತದ ನೆನಪೋ ಇತ್ತು, ಆಸ್ಪತ್ರೆಯ ಕಾಗದದಲ್ಲಿ ಅದು ದಾಖಲಾಗಿದೆ, ಶಿಕ್ಷೆ ಕೊಡುವಾಗ ಅದನ್ನು ಯಾರೂ ನೋಡಲಿಲ್ಲ ಎಂಬುದು. ಹಾಗಾಗಿ ನಡತೆ ಹಾಳೆಗಿಂತ ವೈದ್ಯಕೀಯ ಕಡತ ಕೆಲವೊಮ್ಮೆ ಹೆಚ್ಚು ಬೆಲೆಬಾಳುತ್ತದೆ.

1985ರ ಮಾದಕ ದ್ರವ್ಯ ಕಾಯ್ದೆಯ 64ಎ ಕಲಮು ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಕೆಲವು ಪ್ರಕರಣಗಳಲ್ಲಿ ವಿಚಾರಣೆಯಿಂದ ವಿನಾಯಿತಿ ಕೊಡುತ್ತದೆ. ಸೇನಾ ಕಾಯ್ದೆಯಲ್ಲಿ ಇದಕ್ಕೆ ಸರಿಸಾಟಿಯಾದ ಕಲಮಿಲ್ಲ. ಇರಬೇಕಿತ್ತು. ಊರಿಗೆ ಮರಳಿದವನಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ದೂರ ಹೋಗಬಲ್ಲವನಿಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಚಿಕಿತ್ಸೆ ಮುಗಿಸಿದ ದಾಖಲೆ ಕರುಣೆ ಕೋರುವ ಮನವಿಗೂ ಜೊತೆಯಾಗುತ್ತದೆ.

ಅಮೆರಿಕದ ಮಾದರಿ

ಅಲ್ಲಿ ಬಿಡುಗಡೆಗೆ ಗೌರವಯುತ, ಸಾಮಾನ್ಯ, ಗೌರವಯುತವಲ್ಲದ ಎಂಬ ಆಡಳಿತಾತ್ಮಕ ದರ್ಜೆಗಳು. ಕೋರ್ಟ್ ಮಾರ್ಷಲ್ ಮಾತ್ರ ಕೊಡಬಲ್ಲ ಇನ್ನೆರಡು ಕೆಳದರ್ಜೆಗಳು. ಬಿಡುಗಡೆಯಾದ 15 ವರ್ಷದೊಳಗೆ ಮರುಪರಿಶೀಲನಾ ಮಂಡಳಿಗೆ, ಆಮೇಲೆ ಸೇನಾ ದಾಖಲೆ ತಿದ್ದುಪಡಿ ಮಂಡಳಿಗೆ ಅರ್ಜಿ ಹಾಕಬಹುದು. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಚಟ ಹಿಡಿದ ಸೈನಿಕರ ಸಂಖ್ಯೆ ಆಡಳಿತವನ್ನೇ ಗಾಬರಿಗೊಳಿಸಿದಾಗ, 1971ರಲ್ಲಿ ರಕ್ಷಣಾ ಕಾರ್ಯದರ್ಶಿ ಮೆಲ್ವಿನ್ ಲೇರ್ಡ್ ಕೇವಲ ಬಳಕೆಯ ಕಾರಣಕ್ಕೆ ಕೆಳದರ್ಜೆ ಪಡೆದವರ ಮರುಪರಿಶೀಲನೆಗೆ ಅವಕಾಶ ಕೊಟ್ಟರು. 2014ರಲ್ಲಿ ಆಗಿನ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್, ಯುದ್ಧದ ಆಘಾತದಿಂದ ಬಳಲಿದವರ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದು ಸೂಚಿಸಿದರು. ಹಾಗಾಗಿ ಅಲ್ಲಿ ಅರ್ಜಿದಾರ ತಪ್ಪನ್ನು ಒಪ್ಪಿಕೊಂಡೇ ಅದರ ಕಾರಣ ವಿವರಿಸಬಹುದು. ಭಾರತದ ಅರ್ಜಿದಾರ ಬಹುಮಟ್ಟಿಗೆ ನಿಯಮದ ಲೋಪವನ್ನೇ ಹುಡುಕಬೇಕು.

ನರಗುಂದದಿಂದ ಕೊಚ್ಚಿಗೆ

ಕರ್ನಾಟಕದ ಅರ್ಜಿಗಳು ಹೋಗುವುದು ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ. ನರಗುಂದದಿಂದ ಕೊಚ್ಚಿ ಎಂದರೆ ಭಾಷೆ, ದೂರ, ಖರ್ಚು ಮೂರೂ ಅಡ್ಡ. ಹೊರಡುವ ಮೊದಲೇ ಕಾಗದ ಕೂಡಿಸಬೇಕು: ಡಿಸ್ಚಾರ್ಜ್ ಬುಕ್, ನಡತೆ ಹಾಳೆಯ ನಕಲು, ಶೋಕಾಸ್ ನೋಟಿಸ್ ಮತ್ತು ಅದಕ್ಕೆ ಕೊಟ್ಟ ಉತ್ತರ, ವಿಚಾರಣೆಯ ದಾಖಲೆ, ಆಸ್ಪತ್ರೆಯ ಚೀಟಿಗಳು. ಕೋರ್ಟ್ ಮಾರ್ಷಲಿಗೆ ಒಳಗಾದವನು ಅದರ ನಡಾವಳಿಯ ಪ್ರತಿ ಪಡೆಯಲು 147ನೇ ನಿಯಮದಂತೆ ಹಕ್ಕುಳ್ಳವನು. ಉಳಿದವನ್ನು ತನ್ನ ದಳದ ರೆಕಾರ್ಡ್ಸ್ ಕಚೇರಿಯಿಂದ, ಮರಾಠಾ ದಳದವನಾದರೆ ಬೆಳಗಾವಿಯಿಂದ, ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ವಿಚಾರಣಾ ಸಮಿತಿಯಲ್ಲಿ ತನ್ನ ನಡತೆಯ ಪ್ರಶ್ನೆ ಬಂದಾಗ ಹಾಜರಿದ್ದು ಸಾಕ್ಷಿಗಳನ್ನು ಪಾಟೀಸವಾಲು ಮಾಡುವ ಹಕ್ಕನ್ನು 180ನೇ ನಿಯಮ ಕೊಡುತ್ತದೆ. ಅದು ಸಿಕ್ಕಿತೇ ಎಂಬುದನ್ನು ಈ ಕಾಗದಗಳೇ ಹೇಳಬೇಕು.

ವಕೀಲರ ಶುಲ್ಕ ಕೊಡಲಾಗದವರಿಗೆ ಅರ್ಹತೆಗೆ ಅನುಸಾರ ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ನೆರವಿದೆ. ರಾಷ್ಟ್ರೀಯ ಪ್ರಾಧಿಕಾರವು 2025ರ ಜುಲೈ 26ರಂದು ಸೈನಿಕರು ಮತ್ತು ಅವರ ಕುಟುಂಬಗಳಿಗಾಗಿ ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿದೆ. ಪಿಂಚಣಿಗೆ ಬೇಕಾದ ಸೇವೆ ಆಗದವನಿಗೂ ಆದೇಶ ಬದಲಾಗುವುದರಿಂದ ಲಾಭವುಂಟು: ದುರ್ನಡತೆಯ ಕಾರಣಕ್ಕೆ ವಜಾ ಅಥವಾ ಬಿಡುಗಡೆಯಾಗಿ ಪಿಂಚಣಿಯಿಲ್ಲದೆ ಬಂದವನು ಕೇಂದ್ರ ಸರ್ಕಾರದ ವ್ಯಾಖ್ಯೆಯಲ್ಲಿ ಮಾಜಿ ಸೈನಿಕನೇ ಅಲ್ಲ, ನೌಕರಿಯ ಮೀಸಲಾತಿ ಅವನಿಗಿಲ್ಲ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಕ್ಕೆ ಸೇರುವವರಿಗೆ ಪಿಂಚಣಿಯ ಪ್ರಶ್ನೆಯೇ ಇಲ್ಲದ್ದರಿಂದ, ಅವಧಿ ಮುಗಿಸಿದೆ ಎಂಬ ಪತ್ರವೇ ಅವರ ಮುಂದಿನ ನೌಕರಿಯ ಬಂಡವಾಳ.

ಹೈಕೋರ್ಟಿನ ದಾರಿ ಮಧ್ಯೆ ಕೆಲಕಾಲ ಮುಚ್ಚಿತ್ತು. ನ್ಯಾಯಮಂಡಳಿಯ ತೀರ್ಪಿನ ಮೇಲೆ ಹೈಕೋರ್ಟು ರಿಟ್ ಅರ್ಜಿ ಕೈಗೆತ್ತಿಕೊಳ್ಳಬಾರದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದ್ದರಿಂದ, ಕೊಚ್ಚಿಯಲ್ಲಿ ಸೋತ ಸಿಪಾಯಿಗೆ ದೆಹಲಿಯೇ ಗತಿಯಾಗಿತ್ತು. ಅಲ್ಲಿಯೂ ಸಾರ್ವಜನಿಕ ಮಹತ್ವದ ಕಾನೂನಿನ ಪ್ರಶ್ನೆ ಇದ್ದರಷ್ಟೇ ಮೇಲ್ಮನವಿಗೆ ಅನುಮತಿ. 2023ರ ಮಾರ್ಚಿನಲ್ಲಿ ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಲುವನ್ನು ಒಪ್ಪದೆ, ಹೈಕೋರ್ಟಿನ ರಿಟ್ ಅಧಿಕಾರ ಉಳಿದೇ ಇದೆ ಎಂದಿತು. ಗದಗ ಜಿಲ್ಲೆಯವರ ಮಟ್ಟಿಗೆ ಆ ಹೈಕೋರ್ಟ್ ಪೀಠ ಇರುವುದು ಧಾರವಾಡದಲ್ಲಿ, ನರಗುಂದದಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮರಳಬಹುದಾದ ಊರಿನಲ್ಲಿ.